ಬೇಸ್‌ಬಾಲ್ ಪದಬಂಧ ಬಿಡಿಸುವುದು ಹೇಗೆ? ಆಟ ನೋಡದವರಿಗೂ ಒಂದು ಸಮಗ್ರ ಮಾರ್ಗದರ್ಶಿ

ಅಮೆರಿಕದ ಇಂಗ್ಲಿಷ್ ಪದಬಂಧಗಳಿಗೆ ಕೈ ಹಾಕಿದ ನಮ್ಮವರು ಬಹಳಷ್ಟು ಜನ ಒಂದೇ ಕಡೆ ಸಿಕ್ಕಿಬೀಳುತ್ತಾರೆ. ಅದು ಬೇಸ್‌ಬಾಲ್. ಇಂಗ್ಲಿಷ್ ಚೆನ್ನಾಗಿ ಬರುತ್ತದೆ, ಶಬ್ದಭಂಡಾರವೂ ಇದೆ. ಆದರೂ ‘ನ್ಯೂಯಾರ್ಕ್ ಜೈಂಟ್ಸ್ ತಂಡದ ಮೆಲ್’ ಅಂತ ಒಂದು ಸುಳಿವು ಬಂದರೆ ಪೆನ್ಸಿಲ್ ಅಲ್ಲೇ ನಿಲ್ಲುತ್ತದೆ. ಇಡೀ ಪದಬಂಧವೇ ಬೇಸ್‌ಬಾಲ್ ಮೇಲಿದ್ದರೆ ಹಲವರು ಅದನ್ನು ಸುಮ್ನೆ ಪಕ್ಕಕ್ಕಿಡುತ್ತಾರೆ. ಹಾಗೆ ಪಕ್ಕಕ್ಕಿಡಬೇಡಿ ಅಂತ ಹೇಳುವುದಕ್ಕೇ ಈ ಬರಹ.

ಇಂಥ ಪದಬಂಧ ನಿಮ್ಮ ಕ್ರೀಡಾಜ್ಞಾನವನ್ನು ಕೇಳುವುದು ತುಂಬ ಕಡಿಮೆ. ಬ್ಯಾಟ್, ಬಾಲ್, ಬೇಸ್, ಪ್ಲೇಟ್, ರನ್, ಫ್ಲೈ, ಸ್ಟ್ರೈಕ್, ಪಿಚರ್, ಡೈಮಂಡ್. ಈ ಆಟದ ಪದಗಳೆಲ್ಲ ದಿನಬಳಕೆಯ ಇಂಗ್ಲಿಷಿನವೇ. ಪ್ರತಿಯೊಂದಕ್ಕೂ ಆಟದೊಳಗೆ ಒಂದು ಅರ್ಥ, ಆಟದ ಹೊರಗೆ ಇನ್ನೊಂದು. ಪದಬಂಧ ಕಟ್ಟುವವರು ಈ ಎರಡು ಅರ್ಥಗಳ ನಡುವೆ ಆಡುತ್ತಾರೆ. ಆಟದ ಬಗ್ಗೆ ಒಂದು ಪುಟದಷ್ಟು ತಿಳಿದಿದ್ದರೆ ಸಾಕು. ಅದಕ್ಕಿಂತ ಹೆಚ್ಚಾಗಿ ಬೇಕಾದದ್ದು ಪ್ರತಿ ಪದವನ್ನೂ ಅನುಮಾನದಿಂದ ನೋಡುವ ಬುದ್ಧಿ.

ಓದುವ ಮೊದಲು ಒಂದು ಮಾತು. ಈ ಪದಬಂಧಗಳ ಸುಳಿವು, ಉತ್ತರ ಎರಡೂ ಇಂಗ್ಲಿಷಿನವು. ಇಲ್ಲಿ ಸುಳಿವುಗಳನ್ನು ಕನ್ನಡದಲ್ಲಿ ಹೇಳಿದ್ದೇನೆ, ಮುಖ್ಯವಾದ ಇಂಗ್ಲಿಷ್ ಪದವನ್ನು ಮಾತ್ರ ಹಾಗೇ ಉಳಿಸಿದ್ದೇನೆ. ‘9 ಅಕ್ಷರ’ ಅಂದರೆ ಇಂಗ್ಲಿಷ್ ಸ್ಪೆಲಿಂಗಿನ 9 ಅಕ್ಷರ.

ಮೊದಲು ಚೌಕಗಳ ನಿಯಮ

ಅಮೆರಿಕದ ಮಾದರಿಯ ಪದಬಂಧ ಸಾಮಾನ್ಯವಾಗಿ 15 ಸಾಲು, 15 ಕಂಬ. ನ್ಯೂಯಾರ್ಕ್ ಟೈಮ್ಸ್‌ನ ಭಾನುವಾರದ್ದು ದೊಡ್ಡದು, 21ಕ್ಕೆ 21. ಇದಕ್ಕೆ ಮೂರು ನಿಯಮಗಳಿವೆ, ಮೂರೂ ನಿಮ್ಮ ಕೆಲಸಕ್ಕೆ ಬರುತ್ತವೆ.

ಒಂದು, ಪ್ರತಿ ಬಿಳಿ ಚೌಕವೂ ಎರಡು ಉತ್ತರಗಳಿಗೆ ಸೇರಿರುತ್ತದೆ. ಒಂದು ಎಡದಿಂದ ಬಲಕ್ಕೆ, ಇನ್ನೊಂದು ಮೇಲಿನಿಂದ ಕೆಳಕ್ಕೆ. ನಮ್ಮ ಕನ್ನಡ ಪತ್ರಿಕೆಗಳ ಪದಬಂಧದಲ್ಲಿ ಎಷ್ಟೋ ಚೌಕಗಳಿಗೆ ಒಂದೇ ದಿಕ್ಕಿನ ಪದ ಇರುತ್ತದೆ. ಇಲ್ಲಿ ಹಾಗಿಲ್ಲ. ಹಾಗಾಗಿ ಒಬ್ಬ ಆಟಗಾರನ ಹೆಸರು ನೀವು ಕೇಳಿಯೇ ಇರದಿದ್ದರೂ ಅಡ್ಡ ಹಾಯುವ ಪದಗಳು ಅದರ ಎಲ್ಲ ಅಕ್ಷರಗಳನ್ನೂ ತಂದುಕೊಡುತ್ತವೆ. ಗೊತ್ತಿಲ್ಲದ ಹೆಸರಿಗೆ ಹೆದರಬೇಕಾಗಿಲ್ಲ ಅನ್ನುವುದು ಈ ಕಾರಣಕ್ಕೆ.

ಎರಡು, ಉತ್ತರ ಕನಿಷ್ಠ ಮೂರು ಅಕ್ಷರದ್ದಾಗಿರಬೇಕು.

ಮೂರು, ಹಾಳೆಯನ್ನು ತಲೆಕೆಳಗು ಮಾಡಿ ಹಿಡಿದರೂ ಕಪ್ಪು ಚೌಕಗಳು ಅದೇ ಜಾಗದಲ್ಲಿ ಕಾಣಬೇಕು. ಇದರಿಂದ ಒಂದು ಲಾಭ ಇದೆ. ಥೀಮ್‌ಗೆ, ಅಂದರೆ ಇಡೀ ಪದಬಂಧವನ್ನು ಹೆಣೆಯುವ ಒಂದು ವಿಷಯಕ್ಕೆ, ಸೇರಿದ ಉದ್ದನೆಯ ಉತ್ತರಗಳು ಜೋಡಿಯಾಗಿ ಬರುತ್ತವೆ. ಮೇಲೆ ಮೂರನೇ ಸಾಲಿನಲ್ಲಿ 9 ಅಕ್ಷರದ ಥೀಮ್ ಪದ ಇದ್ದರೆ ಕೆಳಗಿನಿಂದ ಮೂರನೇ ಸಾಲಿನಲ್ಲೂ 9 ಅಕ್ಷರದ ಪದ ಇರುತ್ತದೆ. ಬಹುಮಟ್ಟಿಗೆ ಅದೂ ಥೀಮ್ ಪದವೇ.

ವಾರದ ದಿನವನ್ನೂ ನೋಡಿ. ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಸೋಮವಾರದ್ದು ಸುಲಭ, ಶನಿವಾರದ್ದು ಅತಿ ಕಷ್ಟ. ಶುಕ್ರವಾರ, ಶನಿವಾರ ಸಾಮಾನ್ಯವಾಗಿ ಥೀಮ್ ಇರುವುದಿಲ್ಲ. ಗುರುವಾರದ್ದು ಕಿತಾಪತಿ ಜಾಸ್ತಿ. ಮೊದಲ ಸಲ ಕೈ ಹಾಕುವವರು ಸೋಮವಾರ, ಮಂಗಳವಾರದ ಪದಬಂಧ ಆರಿಸಿಕೊಳ್ಳಿ.

ಅಂದಹಾಗೆ, ಪದಬಂಧಕ್ಕೂ ಬೇಸ್‌ಬಾಲಿಗೂ ಒಂದು ಚಂದದ ಹೋಲಿಕೆ ಇದೆ. 1913ರ ಡಿಸೆಂಬರ್ 21ರಂದು ನ್ಯೂಯಾರ್ಕ್ ವರ್ಲ್ಡ್ ಪತ್ರಿಕೆಯಲ್ಲಿ ಆರ್ಥರ್ ವಿನ್ ಪ್ರಕಟಿಸಿದ ಮೊದಲ ಪದಬಂಧ ವಜ್ರಾಕೃತಿಯಲ್ಲಿತ್ತು. ಬೇಸ್‌ಬಾಲ್ ಅಂಗಳಕ್ಕೂ ಡೈಮಂಡ್ ಅಂತಲೇ ಹೆಸರು. ವಿನ್ ಅದರಲ್ಲಿ ಒಂದು ಪದವನ್ನು ತಾವೇ ತುಂಬಿಕೊಟ್ಟಿದ್ದರು. ಆ ಪದ ‘ಫನ್’.

ಆಟದ ಬಗ್ಗೆ ಇಷ್ಟು ಸಾಕು

ಒಂದು ತಂಡದಲ್ಲಿ ಅಂಗಳಕ್ಕಿಳಿಯುವವರು 9 ಜನ, ಆಟ 9 ಇನ್ನಿಂಗ್ಸ್. ನಡುವಿನ ಚಿಕ್ಕ ದಿಬ್ಬಕ್ಕೆ ಮೌಂಡ್ ಅನ್ನುತ್ತಾರೆ. ಅಲ್ಲಿಂದ ಚೆಂಡು ಎಸೆಯುವವನು ಪಿಚರ್, ಹೊಡೆಯುವವನು ಬ್ಯಾಟರ್. ಬ್ಯಾಟರ್‌ನ ಪಕ್ಕದಲ್ಲಿ ನೆಲದ ಮೇಲಿರುವ ಬಿಳಿ ಹಲಗೆ ಹೋಮ್ ಪ್ಲೇಟ್. ಅದರ ಹಿಂದೆ ಕೂರುವವನು ಕ್ಯಾಚರ್, ಅವನ ಹಿಂದೆ ಅಂಪೈರ್. ಪಿಚರ್‌ಗೂ ಪ್ಲೇಟಿಗೂ ಇರುವ ದೂರ 60 ಅಡಿ 6 ಅಂಗುಲ.

ಹೋಮ್ ಪ್ಲೇಟ್ ಸೇರಿ ನಾಲ್ಕು ಬೇಸ್‌ಗಳು, ಒಂದರಿಂದ ಇನ್ನೊಂದಕ್ಕೆ 90 ಅಡಿ. ಹೊಡೆದವನು ಇವನ್ನು ಸುತ್ತಿ ಮತ್ತೆ ಹೋಮ್‌ಗೆ ಬಂದರೆ ಒಂದು ರನ್. ಒಂದು ಬೇಸ್ ತಲುಪಿದರೆ ಸಿಂಗಲ್, ಎರಡಾದರೆ ಡಬಲ್, ಮೂರಾದರೆ ಟ್ರಿಪಲ್. ಚೆಂಡು ಬೇಲಿಯಾಚೆ ಹೋದರೆ ಹೋಮ್ ರನ್. ಮೂರೂ ಬೇಸ್‌ಗಳಲ್ಲಿ ಓಟಗಾರರು ನಿಂತಿರುವಾಗ ಹೋಮ್ ರನ್ ಬಂದರೆ ಅದು ಗ್ರ್ಯಾಂಡ್ ಸ್ಲ್ಯಾಮ್, ನಾಲ್ಕು ರನ್.

ಬ್ಯಾಟರ್ ಬೀಸಿಯೂ ತಗುಲದ ಎಸೆತ, ಇಲ್ಲವೇ ಹೊಡೆಯಬಹುದಾದ ಜಾಗದಲ್ಲಿ, ಅಂದರೆ ಸ್ಟ್ರೈಕ್ ಝೋನ್‌ನಲ್ಲಿ, ಬಂದರೂ ಅವನು ಬಿಟ್ಟ ಎಸೆತ ‘ಸ್ಟ್ರೈಕ್’. ಮೂರು ಸ್ಟ್ರೈಕ್ ಆದರೆ ಬ್ಯಾಟರ್ ಔಟ್, ಅದು ಸ್ಟ್ರೈಕ್‌ಔಟ್. ಸ್ಟ್ರೈಕ್ ಝೋನ್‌ನಿಂದ ಆಚೆ ಹೋದ, ಬ್ಯಾಟರ್ ಮುಟ್ಟಲು ಹೋಗದ ಎಸೆತ ‘ಬಾಲ್’. ಅಂಥವು ನಾಲ್ಕಾದರೆ ಅವನಿಗೆ ಮೊದಲ ಬೇಸ್ ಪುಕ್ಕಟೆ, ಅದು ‘ವಾಕ್’. ಯಾರೂ ಚೆಂಡು ಹೊಡೆಯದಿದ್ದರೂ ಬೇಸ್‌ನಲ್ಲಿದ್ದ ಓಟಗಾರ ಮುಂದಿನ ಬೇಸ್‌ಗೆ ಓಡಿ ಸೇರಿದರೆ ‘ಸ್ಟೀಲ್’. ಒಂದೇ ಹೊಡೆತಕ್ಕೆ ಇಬ್ಬರು ಔಟಾದರೆ ಡಬಲ್ ಪ್ಲೇ. ಚೆಂಡನ್ನು ಎತ್ತರಕ್ಕೆ ಹೊಡೆದು ತಾನು ಕ್ಯಾಚ್ ಕೊಟ್ಟು, ಮೂರನೇ ಬೇಸ್‌ನಲ್ಲಿದ್ದ ಜೊತೆಗಾರನಿಗೆ ರನ್ ಮಾಡಿಕೊಟ್ಟರೆ ಸ್ಯಾಕ್ರಿಫೈಸ್ ಫ್ಲೈ. ಎರಡನೇ ಮತ್ತು ಮೂರನೇ ಬೇಸ್‌ಗಳ ನಡುವೆ ನಿಲ್ಲುವವನು ಶಾರ್ಟ್‌ಸ್ಟಾಪ್. ಬದಲಿ ಪಿಚರ್‌ಗಳು ಕೈ ಬಿಸಿ ಮಾಡಿಕೊಳ್ಳುವ ಜಾಗ ಬುಲ್‌ಪೆನ್.

ಇದೊಂದನ್ನು ಮರೆಯಬೇಡಿ: ಸ್ಕೋರ್ ಪುಸ್ತಕದಲ್ಲಿ ಸ್ಟ್ರೈಕ್‌ಔಟ್‌ನ ಗುರುತು ‘ಕೆ’ ಅಕ್ಷರ. 19ನೇ ಶತಮಾನದಲ್ಲಿ ಹೆನ್ರಿ ಚಾಡ್ವಿಕ್ ಅನ್ನುವ ಪತ್ರಕರ್ತ ಇದನ್ನು ಬಳಕೆಗೆ ತಂದರು. ಇಂಗ್ಲೆಂಡಿನಲ್ಲಿ ಹುಟ್ಟಿದ ಅವರು ಮೊದಲು ಕ್ರಿಕೆಟ್ ವರದಿ ಮಾಡುತ್ತಿದ್ದವರು. ‘ಎಸ್’ ಅಕ್ಷರ ಸ್ಯಾಕ್ರಿಫೈಸ್‌ಗೆ ಹೋಗಿತ್ತು. ಹಾಗಾಗಿ ‘ಸ್ಟ್ರಕ್’ ಪದದ ಕೊನೆಯ ಅಕ್ಷರ ತೆಗೆದುಕೊಂಡರು. ಪದಬಂಧ ಕಟ್ಟುವವರಿಗೆ ಈ ಒಂದು ಅಕ್ಷರ ದೊಡ್ಡ ಆಸ್ತಿ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಪದೇ ಪದೇ ಬರುವ ಹೆಸರುಗಳು

ಪ್ರತಿ ಚೌಕವೂ ಎರಡು ದಿಕ್ಕಿಗೆ ಹೊಂದಬೇಕು ಅಂದೆನಲ್ಲ, ಅದಕ್ಕಾಗಿ ಕಟ್ಟುವವರಿಗೆ ಸ್ವರಗಳು ತುಂಬಿದ ಚಿಕ್ಕ ಪದಗಳು ಯಾವಾಗಲೂ ಬೇಕು. ಹಾಗಾಗಿ ಎಷ್ಟೋ ದಶಕಗಳ ಹಿಂದೆ ಆಟ ಬಿಟ್ಟವರು ಪದಬಂಧದಲ್ಲಿ ಇವತ್ತಿಗೂ ಆಡುತ್ತಿದ್ದಾರೆ.

ಮೂರಕ್ಷರದ ‘ಇ-ಆರ್-ಎ’ ಎಲ್ಲರಿಗಿಂತ ಮುಂದೆ. ಇದು ಪಿಚರ್‌ನ ಲೆಕ್ಕ, ಫೀಲ್ಡರ್‌ಗಳ ತಪ್ಪಿನಿಂದ ಬಂದ ರನ್ ಬಿಟ್ಟು, 9 ಇನ್ನಿಂಗ್ಸ್‌ಗೆ ಸರಾಸರಿ ಎಷ್ಟು ರನ್ ಕೊಟ್ಟ ಅನ್ನುವುದು. ಅಂಕೆ ಕಡಿಮೆ ಇದ್ದಷ್ಟೂ ಒಳ್ಳೆಯದು. ‘ಯುಗ’ ಅನ್ನುವ ಅರ್ಥವೂ ಇರುವುದರಿಂದ ಸುಳಿವು ಎರಡು ಕಡೆಯಿಂದ ಬರಬಹುದು. ‘ಆರ್-ಬಿ-ಐ’ ಬ್ಯಾಟರ್‌ನ ಲೆಕ್ಕ, ಅವನ ಹೊಡೆತದಿಂದ ಬಂದ ರನ್ನುಗಳು.

ಮೊದಲಿಗೆ ಕೇಳಿದ ಆ ಮೆಲ್, ಮೆಲ್ ಆಟ್. ಸ್ಪೆಲಿಂಗ್ ‘ಓ-ಟಿ-ಟಿ’. 1926ರಿಂದ 1947ರವರೆಗೆ ನ್ಯೂಯಾರ್ಕ್ ಜೈಂಟ್ಸ್‌ಗೆ ಆಡಿದವರು, 511 ಹೋಮ್ ರನ್ ಹೊಡೆದವರು. ಪಿಚರ್ ಸೈ ಯಂಗ್ ಗೆದ್ದ ಪಂದ್ಯಗಳೂ 511. ಹಾಗಾಗಿ 511 ಕಂಡರೆ ಈ ಇಬ್ಬರಲ್ಲಿ ಒಬ್ಬರು ಅಂತ ಇಟ್ಟುಕೊಳ್ಳಿ. ನಾಲ್ಕಕ್ಷರದ ‘ಎ-ಎಲ್-ಓ-ಯು’ ಡೊಮಿನಿಕನ್ ರಿಪಬ್ಲಿಕ್‌ನ ಅಲೂ ಮನೆತನ. ಫೆಲಿಪೆ, ಮ್ಯಾಟಿ, ಹೆಸುಸ್ ಎಂಬ ಮೂವರು ಅಣ್ಣತಮ್ಮಂದಿರು 1963ರ ಸೆಪ್ಟೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಜೈಂಟ್ಸ್ ಪರ ಒಂದೇ ಹೊತ್ತಿಗೆ ಔಟ್‌ಫೀಲ್ಡ್‌ನಲ್ಲಿ ನಿಂತಿದ್ದರು. ‘ಓ-ಆರ್-ಇ-ಎಲ್’ ಅಂದರೆ ಓರೆಲ್ ಹರ್ಶೈಸರ್. 1988ರಲ್ಲಿ ಡಾಡ್ಜರ್ಸ್ ಪರ ಸತತ 59 ಇನ್ನಿಂಗ್ಸ್ ಒಂದೂ ರನ್ ಬಿಟ್ಟುಕೊಡದ ಪಿಚರ್. ‘ಎಸ್-ಎಚ್-ಇ-ಎ’ ನ್ಯೂಯಾರ್ಕ್ ಮೆಟ್ಸ್ ತಂಡ 1964ರಿಂದ 2008ರವರೆಗೆ ಆಡಿದ ಕ್ರೀಡಾಂಗಣ. ‘ಎ-ಎಲ್-ಇ-ಆರ್’ ಅಂದರೆ ಅಮೆರಿಕದ ಎರಡು ದೊಡ್ಡ ಬೇಸ್‌ಬಾಲ್ ಲೀಗುಗಳಲ್ಲಿ ಒಂದಾದ ಅಮೆರಿಕನ್ ಲೀಗಿನವನು. ಪದಬಂಧ ಬಿಟ್ಟು ಬೇರೆಲ್ಲೂ ಯಾರೂ ಹೀಗೆ ಹೇಳುವುದಿಲ್ಲ, ಆದರೂ ಇಲ್ಲಿ ಬರುತ್ತಲೇ ಇರುತ್ತದೆ. ‘ಟಾರ್ಪ್’ ಮಳೆ ಬಂದಾಗ ಅಂಗಳಕ್ಕೆ ಹೊದಿಸುವ ನಮ್ಮ ಟಾರ್ಪಾಲು. ‘ಮಿಟ್’ ಕ್ಯಾಚರ್‌ನ ಕೈಗವಸು. ‘ಅಂಪ್’ ಅಂಪೈರ್‌ನ ಚಿಕ್ಕ ರೂಪ.

ಇಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಪಕ್ಕದಲ್ಲಿಟ್ಟುಕೊಳ್ಳಿ. ಹೊಸದು ಸಿಕ್ಕಾಗ ಸೇರಿಸುತ್ತಾ ಹೋಗಿ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಸುಳಿವನ್ನು ಓದುವ ಕ್ರಮ

ಸುಳಿವು ಮತ್ತು ಉತ್ತರ ಒಂದೇ ಜಾತಿಯವಾಗಿರಬೇಕು. ಸುಳಿವು ಬಹುವಚನವಾದರೆ ಉತ್ತರವೂ ಬಹುವಚನ, ಆಗ ಕೊನೆಯ ಚೌಕದಲ್ಲಿ ‘ಎಸ್’ ಇರುವ ಸಾಧ್ಯತೆ ಹೆಚ್ಚು. ಭೂತಕಾಲವಾದರೆ ಕೊನೆಗೆ ‘ಇ-ಡಿ’ ಇರಬಹುದು. ಪೆನ್ಸಿಲ್ ಆದರೆ ಇವನ್ನು ಹಗುರವಾಗಿ ಮೊದಲೇ ಬರೆದಿಡಿ. ಸುಳಿವಿನಲ್ಲಿ ‘ಚುಟುಕಾಗಿ’ ಅನ್ನುವಂಥ ಪದ ಇದ್ದರೆ, ಅಥವಾ ಸುಳಿವಿನಲ್ಲೇ ಒಂದು ಸಂಕ್ಷಿಪ್ತ ರೂಪ ಇದ್ದರೆ, ಉತ್ತರವೂ ಸಂಕ್ಷಿಪ್ತ. ಇಲ್ಲದಿದ್ದರೆ ಪೂರ್ಣ ಪದ. ಬಿಟ್ಟ ಸ್ಥಳ ತುಂಬಿರಿ ಅನ್ನುವ ಸುಳಿವುಗಳು ಎಲ್ಲಕ್ಕಿಂತ ಸುಲಭ, ಮೊದಲ ಸುತ್ತಿನಲ್ಲಿ ಅವನ್ನೇ ಹುಡುಕಿ.

ಅತಿ ಮುಖ್ಯವಾದದ್ದು ಪ್ರಶ್ನಾರ್ಥಕ ಚಿಹ್ನೆ. ಸುಳಿವಿನ ಕೊನೆಗೆ ಅದು ಇದ್ದರೆ ‘ಇಲ್ಲಿ ಶ್ಲೇಷೆ ಇದೆ, ಮೇಲಿನ ಅರ್ಥ ನಂಬಬೇಡ’ ಅಂತ ಕಟ್ಟಿದವರೇ ಒಪ್ಪಿಕೊಂಡಂತೆ. ವಾರದ ಕೊನೆಯ ಪದಬಂಧಗಳಲ್ಲಿ ಈ ಚಿಹ್ನೆಯನ್ನೂ ತೆಗೆದುಬಿಡುತ್ತಾರೆ. ಆಗ ಅನುಮಾನ ನಿಮ್ಮದೇ.

ಬೇಸ್‌ಬಾಲ್ ಥೀಮ್ ಇದ್ದಾಗ ಇನ್ನೊಂದು ಚಾಲಾಕಿ ನಡೆಯುತ್ತದೆ. ನಿಮ್ಮ ತಲೆ ಆಟದ ಗುಂಗಿನಲ್ಲಿರುತ್ತದೆ ಅಂತ ಅವರಿಗೆ ಗೊತ್ತು. ಹಾಗಾಗಿ ಥೀಮ್‌ಗೆ ಸೇರದ ಚಿಕ್ಕ ಸುಳಿವುಗಳಿಗೆ ಬೇಕೆಂದೇ ಆಟದ ವೇಷ ಹಾಕುತ್ತಾರೆ. ‘ಬ್ಯಾಟರ್‌ಗೆ ಬೇಕಾದದ್ದು’, ಮೂರಕ್ಷರ. ತಕ್ಷಣ ‘ಬ್ಯಾಟ್’ ಅಂತ ಬರೆಯುತ್ತೀರಿ. ಉತ್ತರ ‘ಎಗ್’. ಇದು ಹಿಟ್ಟಿನ ಬ್ಯಾಟರ್! ಅಂಗಡಿಯಲ್ಲಿ ದೋಸೆ ಬ್ಯಾಟರ್ ಪ್ಯಾಕೆಟ್ ಕೇಳುವ ಬೆಂಗಳೂರಿನವರಿಗೆ ಇದು ಅಮೆರಿಕನ್ನರಿಗಿಂತ ಬೇಗ ಹೊಳೆಯಬೇಕು. ನಮ್ಮದರಲ್ಲಿ ಮೊಟ್ಟೆ ಹಾಕುವುದಿಲ್ಲ, ಅವರ ಪ್ಯಾನ್‌ಕೇಕ್ ಹಿಟ್ಟಿಗೆ ಹಾಕುತ್ತಾರೆ, ಅಷ್ಟೇ.

ಇದೇ ರೀತಿ ‘ಪಿಚರ್’ ಅಂದರೆ ನೀರಿನ ಹೂಜಿ, ನಾಲ್ಕಕ್ಷರದ ಉತ್ತರ ‘ಇ-ಡಬ್ಲ್ಯೂ-ಇ-ಆರ್’. ‘ಸ್ಟ್ರಾಂಗ್ ಬೇಸ್’ ಅಂದರೆ ರಸಾಯನಶಾಸ್ತ್ರದ ಪ್ರತ್ಯಾಮ್ಲ, ಉತ್ತರ ‘ಎಲ್-ವೈ-ಇ’, ಕಾಸ್ಟಿಕ್ ಸೋಡಾದಂಥದ್ದು. ‘ಡೈಮಂಡ್‌ನ ತೂಕ’ ಅಂದರೆ ‘ಕ್ಯಾರಟ್’. ‘ಫ್ಯಾನ್ ಸದ್ದು’ ಅಭಿಮಾನಿಯ ಕೂಗಲ್ಲ, ತಿರುಗುವ ಫ್ಯಾನಿನ ಗರಗರ.

ತಂಡಗಳ ಹೆಸರಿನಲ್ಲಿ ಇನ್ನೂ ನಯವಾದ ಮೋಸ ಇದೆ. ಜೈಂಟ್ಸ್, ಏಂಜಲ್ಸ್, ಕಾರ್ಡಿನಲ್ಸ್, ಬ್ರೂವರ್ಸ್, ಓರಿಯೋಲ್ಸ್ ಇವೆಲ್ಲ ನಿಜವಾದ ತಂಡಗಳು. ಅದೇ ಹೊತ್ತಿಗೆ ದೈತ್ಯರು, ದೇವದೂತರು, ಚರ್ಚಿನ ಹಿರಿಯರು, ಬಿಯರ್ ಕಾಯಿಸುವವರು, ಹಕ್ಕಿಗಳು. ಇಂಗ್ಲಿಷಿನಲ್ಲಿ ತಂಡದ ಹೆಸರು ದೊಡ್ಡಕ್ಷರದಿಂದ ಶುರುವಾಗಬೇಕು. ಆದರೆ ಸುಳಿವಿನ ಮೊದಲ ಪದ ಹೇಗೂ ದೊಡ್ಡಕ್ಷರದಿಂದಲೇ ಶುರುವಾಗುತ್ತದೆ. ಹಾಗಾಗಿ ಆ ಪದವನ್ನು ಮೊದಲಿಗೇ ಇಟ್ಟುಬಿಟ್ಟರೆ ತಂಡವೋ ಹಕ್ಕಿಯೋ ತಿಳಿಯುವುದಿಲ್ಲ. ‘ಓರಿಯೋಲ್‌ನ ಮನೆ’, ನಾಲ್ಕಕ್ಷರ. ಬಾಲ್ಟಿಮೋರ್ ಕ್ರೀಡಾಂಗಣ ನೆನಪಿಸಿಕೊಳ್ಳುವ ಮೊದಲು ‘ನೆಸ್ಟ್’ ಹಾಕಿ ನೋಡಿ.

ಒಂದು ಥೀಮನ್ನು ಕೂತು ಬಿಡಿಸೋಣ

ಇದನ್ನು ತೋರಿಸಲೆಂದೇ ಒಂದು ಚಿಕ್ಕ ಉದಾಹರಣೆ ಕಟ್ಟಿದ್ದೇನೆ. 15ಕ್ಕೆ 15ರ ಪದಬಂಧ. ನಾಲ್ಕು ಉದ್ದನೆಯ ಥೀಮ್ ಪದಗಳು: ಮೇಲೆ 9 ಅಕ್ಷರ, ನಡುವೆ 10 ಮತ್ತು 10, ಕೆಳಗೆ 9. ನಾಲ್ಕರ ಸುಳಿವಿಗೂ ಪ್ರಶ್ನಾರ್ಥಕ ಚಿಹ್ನೆ ಇದೆ.

ಮೊದಲನೆಯದು: ‘ಸಾವಿರ ಡಾಲರ್ ಬಹುಮಾನದ ಕವಿತೆ ಸ್ಪರ್ಧೆ?’

ನೋಡಿದ ಕೂಡಲೇ ಏನೂ ಹೊಳೆಯುವುದಿಲ್ಲ. ಹೊಳೆಯಬೇಕಾಗಿಯೂ ಇಲ್ಲ. ಅದನ್ನು ಬಿಟ್ಟು ಅಡ್ಡ ಹಾಯುವ ಚಿಕ್ಕ ಪದಗಳಿಗೆ ಹೋಗೋಣ.

ಎರಡನೇ ಚೌಕದ ಮೂಲಕ ಒಂದು ಮೂರಕ್ಷರದ ಪದ ಕೆಳಗಿಳಿಯುತ್ತದೆ. ಸುಳಿವು ‘ಬೇಸ್‌ಬಾಲ್ ಅಂಕಿಅಂಶ, ಚುಟುಕಾಗಿ’. ‘ಇ-ಆರ್-ಎ’ ಆಗಬಹುದು, ‘ಆರ್-ಬಿ-ಐ’ಯೂ ಆಗಬಹುದು. ಪಿಚರ್‌ನದ್ದೋ ಬ್ಯಾಟರ್‌ನದ್ದೋ ಸುಳಿವು ಹೇಳಿಲ್ಲ. ಹಾಗಾಗಿ ಏನೂ ಬರೆಯಬೇಡಿ. ಅರ್ಧ ಗೊತ್ತಿರುವುದನ್ನು ಗಟ್ಟಿಯಾಗಿ ಬರೆದರೆ ಅದು ಸುತ್ತಲಿನ ನಾಲ್ಕು ಪದಗಳನ್ನು ಕೆಡಿಸುತ್ತದೆ. ಬದಿಯಲ್ಲಿ ಮಾತ್ರ ಗುರುತು ಹಾಕಿಕೊಳ್ಳಿ: ಎರಡನೇ ಚೌಕ ‘ಆರ್’ ಅಥವಾ ‘ಬಿ’.

ಏಳನೇ ಚೌಕದಲ್ಲಿ ಹಾಯುವ ಪದ ನಾಲ್ಕಕ್ಷರದ್ದು. ‘1963ರಲ್ಲಿ ಜೈಂಟ್ಸ್‌ಗೆ ಒಟ್ಟಿಗೆ ಆಡಿದ ಅಣ್ಣತಮ್ಮಂದಿರಲ್ಲಿ ಒಬ್ಬ’. ಇದು ಅಲೂ. ಅದರ ಎರಡನೇ ಅಕ್ಷರ ‘ಎಲ್’ ನಮ್ಮ ಸಾಲಿಗೆ ಬಂತು.

ಒಂಬತ್ತನೇ ಚೌಕದಲ್ಲಿ ‘ಪ್ಲೇಟ್ ಹಿಂದೆ ನಿಂತು ತೀರ್ಪು ಕೊಡುವವನು, ಚುಟುಕಾಗಿ’. ಮೂರಕ್ಷರ. ‘ರೆಫ್’ ಅನ್ನುವುದೂ ಮೂರಕ್ಷರವೇ, ಆದರೆ ಬೇಸ್‌ಬಾಲ್‌ನಲ್ಲಿ ರೆಫರಿ ಇಲ್ಲ. ಹಾಗಾಗಿ ‘ಅಂಪ್’, ನಡುವಿನ ಅಕ್ಷರ ‘ಎಂ’.

ಈಗ ಸಾಲು ಹೀಗಿದೆ: ಏಳನೆಯದು ‘ಎಲ್’, ಒಂಬತ್ತನೆಯದು, ಅಂದರೆ ಕೊನೆಯದು, ‘ಎಂ’. ಮತ್ತೆ ಸುಳಿವಿಗೆ ಬನ್ನಿ. ಕವಿತೆ ಸ್ಪರ್ಧೆ. ಅಮೆರಿಕದಲ್ಲಿ ಕವಿಗಳು ವೇದಿಕೆಯಲ್ಲಿ ಕವಿತೆ ಹೇಳಿ ಪೈಪೋಟಿ ನಡೆಸುವುದಕ್ಕೆ ‘ಪೊಯೆಟ್ರಿ ಸ್ಲ್ಯಾಮ್’ ಅನ್ನುತ್ತಾರೆ. ಸ್ಲ್ಯಾಮ್ ಅಂದರೆ ಎಸ್, ಎಲ್, ಎ, ಎಂ. ಕೊನೆಯ ನಾಲ್ಕು ಚೌಕಗಳಿಗೆ ಸರಿಯಾಗಿ ಕೂರುತ್ತದೆ. ಉಳಿದದ್ದು ಐದು ಚೌಕ, ಅರ್ಥ ‘ಸಾವಿರ ಡಾಲರ್’. ಆಡುಮಾತಿನ ಇಂಗ್ಲಿಷಿನಲ್ಲಿ ಅದಕ್ಕೆ ‘ಗ್ರ್ಯಾಂಡ್’. ಎರಡೂ ಸೇರಿ ಗ್ರ್ಯಾಂಡ್ ಸ್ಲ್ಯಾಮ್! ಎರಡನೇ ಅಕ್ಷರ ‘ಆರ್’ ಆಯಿತು, ಹಾಗಾಗಿ ಆ ಅಂಕಿಅಂಶ ‘ಇ-ಆರ್-ಎ’ ಅಂತಲೂ ಇತ್ಯರ್ಥವಾಯಿತು. ಚಿಕ್ಕ ಪದಗಳು ದೊಡ್ಡದನ್ನು ತೆರೆದವು, ದೊಡ್ಡದು ಬಾಕಿ ಇದ್ದ ಚಿಕ್ಕದನ್ನು ತೀರಿಸಿತು. ಈ ಕ್ಷಣಕ್ಕಾಗಿಯೇ ನಾನು ಪದಬಂಧ ಬಿಡಿಸುವುದು.

ಒಂದು ಥೀಮ್ ಪದ ಸಿಕ್ಕಿದರೆ ಅದನ್ನು ಸುಮ್ನೆ ದಾಟಿ ಹೋಗಬೇಡಿ. ಅದು ಹೇಗೆ ಕಟ್ಟಿದ್ದು ಅಂತ ಒಂದು ಸಾಲಿನಲ್ಲಿ ಹೇಳಿಕೊಳ್ಳಿ. ಇಲ್ಲಿ: ‘ಉತ್ತರ ಬೇಸ್‌ಬಾಲ್‌ನ ಮಾತು, ಸುಳಿವು ಅದರ ಎರಡು ಭಾಗಗಳನ್ನೂ ಬೇರೆ ಅರ್ಥದಲ್ಲಿ ತೆಗೆದುಕೊಂಡಿದೆ.’ ಈಗ ಉಳಿದ ಮೂರನ್ನು ಹಿಂದಿನಿಂದ ಬಿಡಿಸಬಹುದು. ಅಂದರೆ ಸುಳಿವಿನಿಂದ ಉತ್ತರಕ್ಕೆ ಹೋಗುವ ಬದಲು ಬೇಸ್‌ಬಾಲ್ ಪದಗಳ ಪಟ್ಟಿ ಹಿಡಿದುಕೊಂಡು ಯಾವುದು ಹೊಂದುತ್ತದೆ ಅಂತ ನೋಡುವುದು.

ಕೆಳಗಿನ 9 ಅಕ್ಷರದ್ದು: ‘ಬಸ್ಸು ಅರೆಕ್ಷಣ ನಿಲ್ಲುವ ಜಾಗ?’ 9 ಅಕ್ಷರದ ಬೇಸ್‌ಬಾಲ್ ಪದಗಳಲ್ಲಿ ಲೆಫ್ಟ್ ಫೀಲ್ಡ್ ಇದೆ, ಶಾರ್ಟ್‌ಸ್ಟಾಪ್ ಇದೆ. ಬಸ್ಸಿಗೆ ಬೇಕಾದದ್ದು ಸ್ಟಾಪ್. ಮುಗಿಯಿತು. ಒಂದೂ ಅಡ್ಡ ಪದ ಬೇಕಾಗಲಿಲ್ಲ.

ನಡುವಿನ ಒಂದು: ‘ಒಂದೇ ಟಿಕೆಟ್‌ಗೆ ಎರಡು ನಾಟಕ?’ ಇದು ಡಬಲ್ ಪ್ಲೇ, 10 ಅಕ್ಷರ, ಸುಲಭ.

ಕೊನೆಯದು ಸ್ವಲ್ಪ ಕಾಡುತ್ತದೆ. ಅಡ್ಡ ಪದಗಳಿಂದ ಮೊದಲ ಎರಡು ಅಕ್ಷರ ‘ಎಸ್’, ‘ಟಿ’ ಬಂದಿವೆ, ಕೊನೆಯ ಅಕ್ಷರ ‘ಇ’ ಬಂದಿದೆ. ಒಟ್ಟು 10 ಚೌಕ. ಬೇಸ್‌ಬಾಲ್ ಪದ. ‘ಸ್ಟೋಲನ್ ಬೇಸ್’ ಅಂತ ಕೈ ತಾನಾಗಿ ಬರೆಯಲು ಹೋಗುತ್ತದೆ. ಅಕ್ಷರಗಳೂ 10, ಶುರುವೂ ಸರಿ, ಕೊನೆಯೂ ಸರಿ. ಆದರೆ ಸುಳಿವು ನೋಡಿ: ‘ಮುಷ್ಕರ ಹೂಡಿದವರು ಸೇರುವ ಪ್ರದೇಶ?’ ಕಳ್ಳತನದ ಮಾತೇ ಇಲ್ಲ. ಮುಷ್ಕರ ಅಂದರೆ ಸ್ಟ್ರೈಕ್, ಪ್ರದೇಶ ಅಂದರೆ ಝೋನ್. ‘ಸ್ಟ್ರೈಕ್ ಝೋನ್’ ಕೂಡ 10 ಅಕ್ಷರ, ಅದೂ ‘ಎಸ್-ಟಿ’ಯಿಂದ ಶುರುವಾಗಿ ‘ಇ’ಯಲ್ಲಿ ಮುಗಿಯುತ್ತದೆ. ಅನುಮಾನ ಉಳಿದಿದ್ದರೆ ಏಳನೇ ಚೌಕದಲ್ಲಿ ಹಾಯುವ ಪದ ನೋಡಿ. ‘ನಿಧಾನವಾಗಿ ಜಿನುಗು’, ನಾಲ್ಕಕ್ಷರ, ‘ಓ-ಓ-ಝಡ್-ಇ’. ಝಡ್ ಅಪರೂಪದ ಅಕ್ಷರ. ಅದು ಎರಡೂ ದಿಕ್ಕಿನಲ್ಲಿ ಹೊಂದಿದರೆ ಉತ್ತರ ಖಚಿತ ಅಂತಲೇ ತಿಳಿಯಿರಿ.

ಉದ್ದ ಹೊಂದಿತು, ಥೀಮ್ ಹೊಂದಿತು ಅಂತ ಪದ ಬರೆದು ಸುಳಿವನ್ನು ಮರೆತುಬಿಡುವುದು ಬೇಸ್‌ಬಾಲ್ ಪದಬಂಧದಲ್ಲಿ ಅತಿ ಹೆಚ್ಚು ಆಗುವ ಎಡವಟ್ಟು. ಬರೆಯುವ ಮೊದಲು ಸುಳಿವಿನ ಪ್ರತಿ ಪದಕ್ಕೂ ಉತ್ತರದಲ್ಲಿ ಲೆಕ್ಕ ಸಿಗುತ್ತದೆಯಾ ನೋಡಿ.

ಥೀಮ್‌ನ ಇನ್ನಷ್ಟು ತಂತ್ರಗಳು

ಎಲ್ಲ ಪದಬಂಧವೂ ಇಷ್ಟು ನೇರವಾಗಿರುವುದಿಲ್ಲ. ಹಲವು ಪದಬಂಧಗಳಲ್ಲಿ ಕೊನೆಯ ಕಡೆ ಒಂದು ಉತ್ತರ ಇಡೀ ಥೀಮಿನ ಗುಟ್ಟನ್ನು ಬಿಟ್ಟುಕೊಡುತ್ತದೆ. ಅದಕ್ಕೆ ರಿವೀಲರ್ ಅನ್ನುತ್ತಾರೆ. ಅದರ ಸುಳಿವು ಉದ್ದವಾಗಿರುತ್ತದೆ, ‘ಇಲ್ಲಿನ ಇಂತಿಂಥ ಉತ್ತರಗಳಿಗೆ ಅನ್ವಯಿಸುವ ಮಾತು’ ಅನ್ನುವ ಧಾಟಿಯಲ್ಲಿ. ಸಿಕ್ಕಿಕೊಂಡಾಗ ಮೊದಲು ಅದನ್ನೇ ಹುಡುಕಿ ಓದಿ.

ಉದಾಹರಣೆಗೆ ರಿವೀಲರ್ ‘ಹಿಟ್ ಫಾರ್ ದ ಸೈಕಲ್’ ಅಂತಿರಲಿ. ಒಬ್ಬನೇ ಒಂದೇ ಪಂದ್ಯದಲ್ಲಿ ಸಿಂಗಲ್, ಡಬಲ್, ಟ್ರಿಪಲ್, ಹೋಮ್ ರನ್ ನಾಲ್ಕೂ ಹೊಡೆಯುವುದು ಅದರ ಅರ್ಥ. ಹೋಮ್ ರನ್‌ಗೆ ‘ಹೋಮರ್’ ಅಂತಲೂ ಹೇಳುತ್ತಾರೆ. ಆಗ ಥೀಮ್ ಪದಗಳು ‘ಸಿಂಗಲ್ ಫೈಲ್’, ‘ಡಬಲ್ ಏಜೆಂಟ್’, ‘ಟ್ರಿಪಲ್ ಥ್ರೆಟ್’, ‘ಹೋಮರ್ ಸಿಂಪ್ಸನ್’ ಆಗಬಹುದು. ಸಾಲು, ಗೂಢಚಾರ, ಕಾರ್ಟೂನ್ ಪಾತ್ರ, ಒಂದಕ್ಕೊಂದು ಸಂಬಂಧವೇ ಇಲ್ಲ ಅನ್ನಿಸುತ್ತದೆ. ಗುಟ್ಟು ಮೊದಲ ಪದಗಳಲ್ಲಿದೆ.

ಈಗ ಆ ‘ಕೆ’. ರಿವೀಲರ್ ‘ಸ್ಟ್ರೈಕ್‌ಔಟ್’ ಆಗಿದ್ದರೆ ಎರಡು ಸಾಧ್ಯತೆ ಯೋಚಿಸಿ. ಥೀಮ್ ಪದಗಳಲ್ಲಿ ‘ಕೆ’ ಅಕ್ಷರಗಳು ಬೇಕೆಂದೇ ತುಂಬಿರಬಹುದು. ಇಲ್ಲವೇ ‘ಕೆ’ಯನ್ನೇ ಹೊಡೆದುಹಾಕಿರಬಹುದು. ‘ಮರದಿಂದ ಮರಕ್ಕೆ ಹಾರುವ ಪ್ರಾಣಿ’ ಅಂತ ಸುಳಿವು, ಚೌಕಗಳು ಐದೇ. ಮಂಕಿ ಅಂದರೆ ಆರಕ್ಷರ. ಅದರಿಂದ ‘ಕೆ’ ತೆಗೆದರೆ ಉಳಿಯುವುದು ಎಂ, ಓ, ಎನ್, ಇ, ವೈ, ಅಂದರೆ ‘ಮನಿ’. ಸುಳಿವಿನಲ್ಲಿ ಕೋತಿ, ಚೌಕಗಳಲ್ಲಿ ದುಡ್ಡು! ಖಚಿತವಾಗಿ ಗೊತ್ತಿರುವ ಉತ್ತರ ಒಂದಕ್ಷರ ಉದ್ದವಾಗಿ ಕೂರದೇ ಹೋದರೆ ಇಂಥದ್ದೇನೋ ನಡೆದಿದೆ ಅಂತ ಅರ್ಥ.

ನನಗೆ ತುಂಬ ಇಷ್ಟವಾದದ್ದು ‘ಚೇಂಜ್‌ಅಪ್’ ಬಗೆಯದು. ಆಟದಲ್ಲಿ ಅದು ವೇಗದ ಎಸೆತದಂತೆ ಕಂಡು ನಿಧಾನವಾಗಿ ಬರುವ ಚೆಂಡು. ಚೇಂಜ್ ಅಂದರೆ ಚಿಲ್ಲರೆಯೂ ಹೌದು, ಅಪ್ ಅಂದರೆ ಮೇಲಕ್ಕೆ. ಮೇಲಿನಿಂದ ಕೆಳಕ್ಕೆ ‘ಸೆಮಿಡ್ರೈ’ ಅನ್ನುವ ಪದ ಬರೆಯಿರಿ, ಅಷ್ಟೇನೂ ಸಿಹಿಯಿಲ್ಲದ ವೈನ್‌ಗೆ ಹೇಳುವ ಮಾತು: ಎಸ್, ಇ, ಎಂ, ಐ, ಡಿ, ಆರ್, ವೈ. ಈಗ ಐದನೇ ಅಕ್ಷರದಿಂದ ಮೇಲಕ್ಕೆ ಓದಿ. ಡಿ, ಐ, ಎಂ, ಇ. ‘ಡೈಮ್’, ಹತ್ತು ಸೆಂಟಿನ ನಾಣ್ಯ. ಚಿಲ್ಲರೆ ಮೇಲಕ್ಕೆ ಹೋಯಿತು. ಇಂಥ ಥೀಮ್‌ಗಳಲ್ಲಿ ಸಾಮಾನ್ಯವಾಗಿ ಆ ಚೌಕಗಳಲ್ಲಿ ಚಿಕ್ಕ ವೃತ್ತ ಹಾಕಿರುತ್ತಾರೆ. ವೃತ್ತ ಕಂಡರೆ ಎಡದಿಂದ, ಬಲದಿಂದ, ಮೇಲಕ್ಕೆ, ಕೆಳಕ್ಕೆ ಎಲ್ಲ ಕಡೆಯಿಂದ ಓದಿ ನೋಡಿ.

ಗುರುವಾರ ಬರುವ ಇನ್ನೊಂದು ‘ರೀಬಸ್’. ಒಂದೇ ಚೌಕದಲ್ಲಿ ಹಲವು ಅಕ್ಷರ ತುರುಕುವುದು. ರಿವೀಲರ್ ‘ಟ್ರಿಪಲ್ ಪ್ಲೇ’ ಇದ್ದರೆ ಮೂರು ಚೌಕಗಳಲ್ಲಿ ತಲಾ ಒಂದು ‘ಔಟ್’ ಅಡಗಿರಬಹುದು. ಅಡ್ಡಕ್ಕೆ ‘ಶೌಟ್’, ಕೆಳಕ್ಕೆ ‘ಸ್ಕೌಟ್’, ಎರಡಕ್ಕೂ ಮೂರೇ ಚೌಕ, ಕೊನೆಯ ಚೌಕ ಎರಡಕ್ಕೂ ಒಂದೇ. ಅದರಲ್ಲಿ ಓ, ಯು, ಟಿ ಮೂರೂ. ಕಾಗದದಲ್ಲಾದರೆ ಚಿಕ್ಕದಾಗಿ ಬರೆದುಕೊಳ್ಳಿ. ಆ್ಯಪ್‌ನಲ್ಲಾದರೆ ಇದಕ್ಕೆಂದೇ ರೀಬಸ್ ಬಟನ್ ಇರುತ್ತದೆ.

ಸಿಕ್ಕಿಕೊಂಡಾಗ

ಎದ್ದು ಹೋಗಿ. ಚಹಾ ಕುಡಿದು ಬಂದು ನೋಡಿದರೆ ಅದೇ ಸುಳಿವು ಬೇರೆ ರೀತಿ ಓದಿಸಿಕೊಳ್ಳುತ್ತದೆ. ಒಂದು ಮೂಲೆ ಪೂರ್ತಿ ಕೂತುಕೊಳ್ಳುತ್ತಿಲ್ಲ ಅಂದರೆ ಅಲ್ಲಿ ನೀವು ಅತಿ ಧೈರ್ಯದಿಂದ ಬರೆದ ಪದವನ್ನೇ ಮೊದಲು ಅಳಿಸಿ. ಸಾಮಾನ್ಯವಾಗಿ ತಪ್ಪಿರುವುದು ಅದೇ. ಸುಳಿವಿನ ಪ್ರತಿ ಪದವನ್ನೂ ನಾಮಪದವಾಗಿ ಒಮ್ಮೆ, ಕ್ರಿಯಾಪದವಾಗಿ ಒಮ್ಮೆ ಓದಿ. ಫ್ಲೈ ನೊಣವೋ ಹಾರುವುದೋ? ಪೆನ್ ಬರೆಯುವುದೋ ದನದ ದೊಡ್ಡಿಯೋ? ಬಾಲ್ ಚೆಂಡೋ ನೃತ್ಯಕೂಟವೋ?

ಇಬ್ಬರು ಅಪರಿಚಿತ ಆಟಗಾರರ ಹೆಸರು ಒಂದೇ ಚೌಕದಲ್ಲಿ ಹಾಯ್ದರೆ ಅದು ಕಟ್ಟಿದವರ ತಪ್ಪು, ನಿಮ್ಮದಲ್ಲ. ಅಲ್ಲಿ ಒಂದು ಸ್ವರ ಊಹಿಸಿ ಹಾಕಿ, ಅಥವಾ ನಿಸ್ಸಂಕೋಚವಾಗಿ ಹುಡುಕಿ ನೋಡಿ. ಆದರೆ ಥೀಮ್ ಪದವನ್ನು ಮಾತ್ರ ಹುಡುಕಲು ಹೋಗಬೇಡಿ. ಹೆಸರು ಹುಡುಕಿದರೆ ಒಂದು ಮಾಹಿತಿ ಸಿಗುತ್ತದೆ, ಶ್ಲೇಷೆ ಹುಡುಕಿದರೆ ನೀವು ಕೂತ ಉದ್ದೇಶವೇ ಹೋಗುತ್ತದೆ.

ಈಗ ನಿಮ್ಮ ಸರದಿ

ಕೆಳಗಿನ ಮೂರು ಸುಳಿವುಗಳಿಗೆ ಉತ್ತರ ಬೇಸ್‌ಬಾಲ್‌ನ ಮಾತು. ‘ಗೂಳಿ ಸಹಿ ಹಾಕಲು ಬಳಸುವುದು?’ 7 ಅಕ್ಷರ. ‘ಗಬ್ಬು ನಾರುವ ನೃತ್ಯಕೂಟ?’ 8 ಅಕ್ಷರ. ‘ಬಲಿಪೀಠದ ಮೇಲೆ ಸತ್ತು ಬಿದ್ದ ನೊಣ?’ 12 ಅಕ್ಷರ. ಮುಂದಿನ ಮೂರು ಬೇಸ್‌ಬಾಲ್ ವೇಷ ಹಾಕಿಕೊಂಡವು, ಉತ್ತರಕ್ಕೂ ಆಟಕ್ಕೂ ಸಂಬಂಧವಿಲ್ಲ. ‘ಬ್ಯಾಟ್ ಹಗಲು ಹೊತ್ತು ಇರುವ ಜಾಗ’, 4 ಅಕ್ಷರ. ‘ಏಂಜಲ್ ತಲೆಯ ಮೇಲಿನದು’, 4 ಅಕ್ಷರ. ‘ಫ್ಲೈ ಕ್ಯಾಚರ್’, 3 ಅಕ್ಷರ.

ಉತ್ತರಗಳು, ಅದೇ ಕ್ರಮದಲ್ಲಿ: ಬುಲ್‌ಪೆನ್, ಫೌಲ್ ಬಾಲ್ (ಆಟದಲ್ಲಿ ಗೆರೆಯಾಚೆ ಹೋದ ಹೊಡೆತ), ಸ್ಯಾಕ್ರಿಫೈಸ್ ಫ್ಲೈ, ಕೇವ್, ಹೇಲೋ, ವೆಬ್. ಕೊನೆಯದು ಜೇಡರ ಬಲೆ.